ಉದ್ದ ಕಾಳಿನ ಮದ್ದು

೨೦೦೬ರ ಜೂನ್ ೧೨, ಸೋಮವಾರ. ಬೆಳಿಗ್ಗೆ ೯.೨೦ಕ್ಕೆ ರೀಟ್‌ಪುಟ್ಸ್ ಪೊಲೀಸ್ ಠಾಣೆಗೆ ಗೆರ್ಟ್ ನೀವೌಟ್ ಬಂದರು. ವಯಸ್ಸು ಅರವತ್ತಾರು, ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಂಡು ನಿವೃತ್ತರಾದವರು. ತಮ್ಮ ಷೆಡ್ಡಿನಲ್ಲಿರುವ ತೋಟಾ ತುಂಬುವ ಯಂತ್ರವನ್ನು ಯಾರೋ ಕದ್ದು ಬಂದು ಕೆಡಿಸುತ್ತಿದ್ದಾರೆ ಎಂಬುದು ಅವರ ದೂರು.

ಹಾರಿಸಿದ ತೋಟಾಗಳ ಹಿತ್ತಾಳೆ ಚಿಪ್ಪಿಗೆ ಮತ್ತೆ ಮದ್ದು ತುಂಬಿ ಬಳಸುವುದು ಅವರ ಇಪ್ಪತ್ತು ವರ್ಷದ ರೂಢಿ. ಹಿಡಿ ಎಳೆದರೆ ಯಂತ್ರ ಪ್ರತಿಸಲವೂ ಅಳೆದಷ್ಟೇ ಮದ್ದು ಬೀಳಿಸಬೇಕು. ಎರಡು ವಾರದಿಂದ ಒಂದಕ್ಕೆ ಕಡಿಮೆ, ಇನ್ನೊಂದಕ್ಕೆ ಹೆಚ್ಚು ಬೀಳುತ್ತಿತ್ತು. ಶನಿವಾರ ಗುರಿ ಅಭ್ಯಾಸದ ಮೈದಾನದಲ್ಲಿ ಒಂದು ತೋಟಾ ಟುಸ್ಸೆಂದು, ಗುಂಡು ನಳಿಗೆಯೊಳಗೇ ಸಿಕ್ಕಿಕೊಂಡಿತ್ತು. ಅದರ ಹಿಂದೆಯೇ ಇನ್ನೊಂದು ಹಾರಿಸಿದ್ದರೆ ಕೋವಿ ಮುಖಕ್ಕೆ ಸಿಡಿಯುತ್ತಿತ್ತು.

ಕಾನ್‌ಸ್ಟೆಬಲ್ ಡೆನೀಸ್ ಫಿಲಾಂಡರ್‌ಗೆ ಮೊದಲು ನಗು ಬಂದಿತ್ತು. ಕೊನೆಯ ಮಾತು ಕೇಳಿ ಆಕೆ ಪೆನ್ನು ತೆಗೆದುಕೊಂಡಳು. ಇನ್‌ಸ್ಪೆಕ್ಟರ್ ಝೋಲಿಲೆ ನ್ಟಬೇನಿ ದೂರು ದಾಖಲಿಸಿಕೊಂಡರು.

೧೧.೦೫ಕ್ಕೆ ಷೆಡ್ಡಿನಲ್ಲಿ ಪಕ್ಕದ ಮನೆಯವರ ಸಮ್ಮುಖದಲ್ಲಿ ಪಂಚನಾಮೆ ಶುರುವಾಯಿತು. ಬೀಗ ಒಡೆದಿರಲಿಲ್ಲ. ಕೀಲಿ ಹೂಕುಂಡದ ಹಿಂದಿನ ಮೊಳೆಯಲ್ಲೇ ತೂಗುತ್ತಿತ್ತು. ಯಾವ ವಸ್ತುವೂ ಕಳುವಾದಂತೆ ಕಾಣಲಿಲ್ಲ.

"ಈ ಕೀಲಿ ಇಲ್ಲಿರೋದು ಯಾರ್‍ಯಾರಿಗೆ ಗೊತ್ತು?" ಎಂದು ನ್ಟಬೇನಿ ಕೇಳಿದರು.

"ದಾವಿಡ್‌ಗೆ. ನನ್ನ ಹಳೇ ಗೆಳೆಯ. ನಾನು ಮಗಳ ಮನೆಗೆ ಹೋದಾಗ ನಾಯಿಗೆ ಊಟ ಹಾಕೋನು ಅವನೇ."

"ಬೇರೆ ಯಾರಿಗೂ ಗೊತ್ತಿಲ್ವಾ?"

"ಇಲ್ಲ. ದಾವಿಡ್‌ನ ಮಾತ್ರ ಲೆಕ್ಕಕ್ಕೆ ತಗೋಬೇಡಿ. ಅವ್ನು ದಾವಿಡ್ ಕಣ್ರೀ."

ಡೆನೀಸ್ ಹೆಸರನ್ನು ಬರೆದುಕೊಂಡಳು: ದಾವಿಡ್ ಓಲ್ಕರ್ಸ್, ಎಪ್ಪತ್ತು ವರ್ಷ, ಎರಡು ಬೀದಿ ಆಚೆ ವಾಸ.

ನ್ಟಬೇನಿಯವರಿಗೆ ಈ ಯಂತ್ರದ ಗಂಧಗಾಳಿ ಇರಲಿಲ್ಲ. ಆದ್ದರಿಂದ ಸಾಕ್ಷಿಯನ್ನು ವಿಚಾರಿಸುವಂತೆ ಮೊದಲಿನಿಂದಲೇ ಶುರುಮಾಡಿದರು. ಗೆರ್ಟ್ ಹತ್ತು ಸಲ ಹಿಡಿ ಎಳೆದರು, ಡೆನೀಸ್ ಪ್ರತಿಸಲದ ಮದ್ದನ್ನೂ ಪುಟ್ಟ ತಕ್ಕಡಿಯಲ್ಲಿ ತೂಗಿ ಬರೆದಳು. ಹತ್ತರಲ್ಲಿ ನಾಲ್ಕು ತಪ್ಪು. ಮೇಜು ಅಲುಗಾಡುತ್ತಿತ್ತು, ಬೋಲ್ಟ್ ಬಿಗಿದು ಮತ್ತೆ ಹತ್ತು ತೂಗಿದರು. ಮೂರು ತಪ್ಪು. ಗೆರ್ಟ್ ಒಮ್ಮೆ ಜೋರಾಗಿ, ಒಮ್ಮೆ ನಿಧಾನವಾಗಿ ಎಳೆಯುತ್ತಾರೇನೋ ಎಂದು ಡೆನೀಸಳೇ ಒಂದೇ ಹದದಲ್ಲಿ ಎಳೆದಳು. ಆಗಲೂ ಮೂರು. ತನ್ನ ಕೈ ಅವರಷ್ಟೇ ಪಳಗಿದೆ ಎಂದು ಹೇಳಲು ಆಕೆ ಮರೆಯಲಿಲ್ಲ. ಹೊರಗೆ ಅಲ್ಲಿಯ ಜೂನ್ ಚಳಿಗಾಲದ ಬಿಸಿಲು, ಒಳಗೆ ಗೆರ್ಟ್ ಕೊಟ್ಟ ಕಾಫಿ. ಮೂವರಿಗೂ ಊಟದ ಹೊತ್ತು ದಾಟಿದ್ದೇ ತಿಳಿಯಲಿಲ್ಲ.

ಮಧ್ಯಾಹ್ನ ೨.೧೦ಕ್ಕೆ ನ್ಟಬೇನಿ ಮಂಡಿಯೂರಿ ಕುಳಿತು, ಮದ್ದು ಇಳಿಯುವ ಪಾರದರ್ಶಕ ಕೊಳವೆಯನ್ನೇ ನೋಡುತ್ತಿದ್ದರು. ಆರನೆಯ ಸಲ ಮದ್ದು ನಡುದಾರಿಯಲ್ಲೇ ನಿಂತಿತು. ಏಳನೆಯ ಸಲ ಎರಡು ಸಲದ್ದೂ ಒಟ್ಟಿಗೆ ಬಿತ್ತು.

ಮೇಲಿನ ಡಬ್ಬಿಯಲ್ಲಿದ್ದ ಮದ್ದನ್ನೆಲ್ಲ ಬಿಳಿ ಹಾಳೆಯ ಮೇಲೆ ಸುರಿದರು. ಹೆಚ್ಚಿನವು ಗಸಗಸೆಯಂಥ ಸಣ್ಣ ಕಾಳು. ನಡುನಡುವೆ ಜೀರಿಗೆಯಷ್ಟು ಉದ್ದದವು. ಬಣ್ಣ ಎರಡಕ್ಕೂ ಒಂದೇ. ಆ ಉದ್ದ ಕಾಳುಗಳೇ ಕೊಳವೆಗೆ ಅಡ್ಡ ಬೀಳುತ್ತಿದ್ದವು. ಮೂಗಿನ ಹತ್ತಿರ ಹಿಡಿದರೆ ಹುಳಿ ವಾಸನೆ.

"ಇದು ನನ್ನ ಮದ್ದಲ್ಲ," ಎಂದರು ಗೆರ್ಟ್.

"ನಿಮ್ಮ ಯಂತ್ರದ್ದೇನೂ ತಪ್ಪಿಲ್ಲ ಯಜಮಾನ್ರೇ. ಅದರ ಹೊಟ್ಟೆಗೆ ಬಿದ್ದಿದ್ದು ಸರಿ ಇಲ್ಲ," ಎಂದರು ನ್ಟಬೇನಿ.

ಮದ್ದನ್ನು ಜಪ್ತಿ ಮಾಡಿ ಮೊಹರು ಹಾಕಲಾಯಿತು. ಜೂನ್ ೧೪ರಂದು ಡೆನೀಸ್ ಊರಿನ ಕೋವಿ ಅಂಗಡಿಯ ರಿಜಿಸ್ಟರ್ ತಿರುವಿದಳು. ಉದ್ದ ಕಾಳಿನ ಆ ಮದ್ದು ೧೯೯೮ರ ನಂತರ ಅಲ್ಲಿ ಮಾರಾಟವೇ ಆಗಿರಲಿಲ್ಲ. ಕೊನೆಗೆ ಕೊಂಡವರು ಇಬ್ಬರು. ಒಬ್ಬರು ತೀರಿಕೊಂಡಿದ್ದರು. ಇನ್ನೊಂದು ಹೆಸರು ದಾವಿಡ್ ಓಲ್ಕರ್ಸ್.

ಜೂನ್ ೧೫, ಬೆಳಿಗ್ಗೆ ೧೦.೪೦. ಓಲ್ಕರ್ಸ್ ಬಾಗಿಲು ತೆರೆದು, ಬಂದವರು ಯಾರೆಂದು ದನಿ ಕೇಳಿದ ಮೇಲಷ್ಟೇ ಗುರುತಿಸಿದರು. ನ್ಟಬೇನಿ ಮೇಜಿನ ಮೇಲೆ ಮದ್ದಿನ ಹಾಳೆ ಬಿಡಿಸಿ, ಇದರಲ್ಲಿ ಎಷ್ಟು ಥರದ ಕಾಳಿದೆ ಎಂದು ಕೇಳಿದರು. ಓಲ್ಕರ್ಸ್ ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು.

"ಒಂದೇ ಥರ ಅಲ್ವಾ?"

"ಯಾವಾಗಿಂದ ಕಣ್ಣು ಕಾಣ್ತಿಲ್ಲ?"

ಓಲ್ಕರ್ಸ್ ಹಾಳೆಯನ್ನು ಕೆಳಗಿಟ್ಟರು.

"ಗೆರ್ಟ್‌ಗೆ ಏನಾದ್ರೂ ಆಯ್ತಾ?"

"ಆಗ್ಬೇಕಿತ್ತು. ಆಗ್ಲಿಲ್ಲ. ಗುಂಡು ನಳಿಗೇಲಿ ಸಿಕ್ಕಿಕೊಂಡಿತ್ತು."

ಅವರು ಕುರ್ಚಿ ತಡಕಿ ಕುಳಿತರು. ಆಮೇಲೆ ಯಾವುದನ್ನೂ ಮುಚ್ಚಿಡಲಿಲ್ಲ. ಹೊಸ ಕಾನೂನಿನಂತೆ ಕೋವಿ ಪರವಾನಗಿ ನವೀಕರಿಸಲು ಹೋದಾಗ, ಕಣ್ಣಿನ ಪೊರೆಯ ಕಾರಣಕ್ಕೆ ಮಾರ್ಚ್‌ನಲ್ಲೇ ಅಧಿಕಾರಿಗಳು ನಿರಾಕರಿಸಿದ್ದರು. ಕೋವಿ ಒಪ್ಪಿಸಲಿಲ್ಲ, ಯಾರಿಗೂ ಹೇಳಲಿಲ್ಲ. ಪರವಾನಗಿ ಇಲ್ಲದವರಿಗೆ ಅಂಗಡಿಯವನು ಮದ್ದು ಕೊಡುವುದಿಲ್ಲ. ಮನೆಯಲ್ಲಿದ್ದ ಹಳೆಯದು ಕೆಟ್ಟಿತ್ತು. ಗೆರ್ಟ್‌ರ ಡಬ್ಬಿಯಿಂದ ಒಂದು ಲೋಟ ತೆಗೆದು, ಮಟ್ಟ ಇಳಿದದ್ದು ಕಾಣದಿರಲೆಂದು ಆ ಹಳೆಯದನ್ನೇ ಸುರಿದಿದ್ದರು. ಗುಂಡು ಗುರಿಗಿಂತ ಒಂದಿಷ್ಟು ಕೆಳಗೆ ಬಿದ್ದೀತು ಅಷ್ಟೇ ಎಂದುಕೊಂಡಿದ್ದರಂತೆ.

೧೧.೩೦ಕ್ಕೆ ಕಳವು ಮತ್ತು ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಂಡ ಆರೋಪದ ಮೇಲೆ ಓಲ್ಕರ್ಸ್‌ರನ್ನು ಬಂಧಿಸಲಾಯಿತು. ಡೆನೀಸ್ ಕೈಕೋಳ ಹಾಕಲಿಲ್ಲ. ಮೆಟ್ಟಿಲಿಳಿಯುವಾಗ ಅವರ ತೋಳು ಹಿಡಿದುಕೊಂಡಳು.

ಸುದ್ದಿ ತಿಳಿದು ಗೆರ್ಟ್ ಆಗಲೇ ಠಾಣೆಯ ಬೆಂಚಿನ ಮೇಲೆ ಕುಳಿತಿದ್ದರು.

"ನನ್ನ ತಲೆ ಹಾರಿಸ್ತಿದ್ಯಲ್ಲೋ ಮಂಕೇ. ಕಣ್ಣು ಕಾಣಲ್ಲ ಅಂತ ಹೇಳೋಕೆ ಏನಾಗಿತ್ತು ನಿಂಗೆ?"

"ಹೇಳಿದ್ರೆ ಈ ಸಲ ಬೇಟೆಗೆ ನೀನೊಬ್ನೇ ಹೋಗ್ತಿದ್ದೆ."

"ಒಬ್ನೇ ಹೋಗಿ ಏನ್ಮಾಡ್ಲಿ? ಜಿಂಕೆ ಜೊತೆ ಮಾತಾಡ್ತಾ ಕೂರ್ಲಾ? ಕೋವಿ ಇಲ್ದಿದ್ರೆ ಬೆಂಕಿ ಕಾಯ್ತಾ ಕೂತ್ಕೋ. ಲಿವರ್ ಸುಡೋಕೆ ಕಣ್ಣು ಬೇಕಾ?"

ಬೆಂಚಿನ ಮೇಲೆ ಗೆರ್ಟ್ ಸರಿದು ಜಾಗ ಮಾಡಿದರು.

ನ್ಟಬೇನಿ ಕಡತ ಮುಗಿಸಿದರು. ಅಪರಾಧದ ಉದ್ದೇಶ ಎಂಬಲ್ಲಿ ಅವರು ಬರೆದದ್ದು ಇಷ್ಟು: ಮೂವತ್ತೊಂದು ವರ್ಷದಿಂದ ಪ್ರತಿ ಜುಲೈನಲ್ಲಿ ಗೆಳೆಯನ ಜೊತೆ ಬೇಟೆಗೆ ಹೋಗುತ್ತಿದ್ದು, ಅದು ತಪ್ಪಬಾರದೆಂದು.

ಅಂದು ಸಂಜೆ ೪.೧೫ಕ್ಕೆ ಓಲ್ಕರ್ಸ್ ಬಿಡುಗಡೆಯಾದರು. ಜಾಮೀನಿಗೆ ಸಹಿ ಹಾಕಿದವರು ದೂರುದಾರರೇ.