ಮಣ್ಣಿಲ್ಲದ ಪಾಲಕ್

ಬೊಳ್ಳಮ್ಮನ ಹಾಕಿ ಸ್ಟಿಕ್ಕಿನ ಮೊದಲ ಏಟಿಗೆ ಪೈಪ್ ಸೀಳಿತು. ಎರಡನೆಯದು ಅಡ್ಡ ಬಂದ ಕೈಗೆ ಬಿತ್ತು. ಲಟಕ್ಕನೆ ಮೂಳೆ ಮುರಿದ ಸದ್ದು ಕೇಳಿದ ಮೇಲೇ ಅವಳು ನಿಂತಿದ್ದು.

"ನೀರು ಕದಿಯೋಕೆ ನಾಚಿಕೆ ಆಗಲ್ವಾ ನಿಮಗೆ? ಮೂರನೇ ಮಹಡಿಯ ಗಿರಿಜಮ್ಮ ಈ ವಯಸ್ಸಲ್ಲಿ ಬಕೆಟ್ ಹೊರ್ತಿದ್ದಾರೆ. ನೀವಿಲ್ಲಿ ನಲ್ಲಿಗೇ ಟುಲ್ಲು ಪಂಪ್ ಹಾಕ್ಕೊಂಡು ಎಲ್ಲರ ನೀರೂ ಎಳೀತಿದ್ದೀರ."

ಅವನು ಬಾಲ್ಕನಿಯಲ್ಲಿ ಕುಸಿದು ಕೂತಿದ್ದ. ಸುತ್ತ ಪಾಲಕ್ ಗಿಡಗಳು ಬೇರು ಸಮೇತ ಚೆಲ್ಲಾಡಿದ್ದವು. ಎಲ್ಲೂ ಒಂದು ಹಿಡಿ ಮಣ್ಣಿರಲಿಲ್ಲ.

"ಇದು ಮೀನಿನ ತೊಟ್ಟಿಯ ಪಂಪ್, ಮೇಡಂ," ಅಂದ ಹಲ್ಲು ಕಚ್ಚಿಕೊಂಡು. "ಇದ್ದ ನೀರನ್ನೇ ಸುತ್ತಿಸುತ್ತೆ. ನನ್ನ ತೋಟಕ್ಕೆ ವಾರಕ್ಕೆ ಒಂದು ಬಕೆಟ್ ಸಾಕು."

ಮೆಟ್ರೊ ಕಂಬಗಳು ಏಳುತ್ತಿದ್ದ ಆ ಬೇಸಿಗೆಯಲ್ಲಿ ದೆಹಲಿಯ ಮಯೂರ್ ವಿಹಾರದ ಜನ ನೀರಿಗಾಗಿ ಒಬ್ಬರನ್ನೊಬ್ಬರು ಹರಿದು ತಿನ್ನುವಂತಿದ್ದರು. ಟ್ಯಾಂಕರ್ ಎದುರು ಒಬ್ಬನ ತಲೆಯೇ ಒಡೆದಿತ್ತು. ಈ ಸೊಸೈಟಿಯಲ್ಲೂ ಯಾರೋ ಕದ್ದು ನಲ್ಲಿಗೆ ಮೋಟರ್ ಕಟ್ಟಿ ಎಲ್ಲರ ಪಾಲನ್ನೂ ಎಳೆಯುತ್ತಿದ್ದರು. "ಗುಂಯ್ ಅನ್ನೋದು ಮೇಲಿನ ಕನ್ನಡದ ಹುಡುಗನ ಮನೆಯಿಂದ," ಎಂದು ಹೇಳಿದ್ದು ಬೊಳ್ಳಮ್ಮನ ಅಮ್ಮ ಮಾಚಮ್ಮ. ಮಗಳು ಸ್ಕೂಲಿನ ಹಾಕಿ ಕೋಚ್, ಕೋಪ ಮೂಗಿನ ತುದಿಯಲ್ಲೇ. ಇನ್ನೇನು ಬೇಕು?

ಅವಳೇ ಅವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದಳು. ಹೆಸರು ಕಾರ್ತಿಕೇಯ, ಚಳ್ಳಕೆರೆಯವನು, ಗ್ರೇಟರ್ ನೋಯ್ಡಾದ ಕಾಲೇಜಿನಲ್ಲಿ ಮೇಷ್ಟ್ರು. ಕೈಗೆ ಪ್ಲಾಸ್ಟರ್ ಬಿತ್ತು. "ಮುರಿದವರೇ ಬಂದು ಬೀಜ ಹಾಕಿಕೊಡಬೇಕು," ಅಂದ. ಆ ಮುಖದಲ್ಲಿ ಸಿಟ್ಟೇ ಇರಲಿಲ್ಲ. ಅದು ಅವಳಿಗೆ ಇನ್ನಷ್ಟು ಚುಚ್ಚಿತು.

ಮರುದಿನ ಹೋದಳು.

"ಸ್ಪಂಜನ್ನ ಚೌಕವಾಗಿ ಕತ್ತರಿಸಿ. ನಡುವೆ ಸೀಳಿ ಎರಡು ಬೀಜ ಇಡಿ. ಮೆಲ್ಲಗೆ, ಅದು ಗೋಲ್‌ಪೋಸ್ಟ್ ಅಲ್ಲ."

"ನಿಮಗೆ ಇನ್ನೊಂದು ಕೈಯೂ ಇದೆ ಮೇಷ್ಟ್ರೇ, ನೆನಪಿರಲಿ."

ಥರ್ಮೊಕೋಲ್ ಡಬ್ಬಿಯ ಮುಚ್ಚಳಕ್ಕೆ ತೂತು ಕೊರೆದು ಸ್ಪಂಜು ಕೂರಿಸಿದಳು. ನೀರಿಗೆ ಗೊಬ್ಬರದ ಪುಡಿ ಬೆರೆಸಿದಳು.

"ಪುಡಿ ಜಾಸ್ತಿ ಬೇಡ, ಎಲೆ ಸುಡುತ್ತೆ. ಬೇರಿನ ತುದಿ ನೀರಿಗೆ ತಾಗಿದರೆ ಸಾಕು. ಪೂರ್ತಿ ಮುಳುಗಿಸಿದರೆ ಅದಕ್ಕೆ ಉಸಿರು ಕಟ್ಟುತ್ತೆ."

ಹೇಳುತ್ತಿದ್ದವನು ಡಬ್ಬಿ ನೋಡುತ್ತಿರಲಿಲ್ಲ. ಅವಳ ಕತ್ತಿನ ಮೇಲೆ ಅಂಟಿದ್ದ ಕೂದಲನ್ನು ನೋಡುತ್ತಿದ್ದ. ಅದು ಗೊತ್ತಾಗಿ ಬೊಳ್ಳಮ್ಮನ ಕಿವಿ ಬಿಸಿಯಾಯಿತು, ಬೆರಳ ನಡುವಿನ ಬೀಜ ಜಾರಿ ಬಿತ್ತು. ಪಾಲಕ್ ನಾಲ್ಕೆಲೆ ಬಿಡುವ ಹೊತ್ತಿಗೆ ಅವಳು ನೆಪವಿಲ್ಲದೆಯೂ ಮೆಟ್ಟಿಲು ಹತ್ತುತ್ತಿದ್ದಳು.

ದಿನವೂ ನೀರು ಬರುವ ಮುನ್ನವೇ ಅವಳು ಸ್ಕೂಲಿಗೆ ಹೊರಡುತ್ತಿದ್ದಳು. ಒಂದು ರಜೆಯ ಬೆಳಗ್ಗೆ ನೀರು ಬರುವ ಹೊತ್ತಿಗೆ ಬಟ್ಟೆ ಒಗೆಯಲು ಹೋದವಳಿಗೆ ವಾಷಿಂಗ್ ಮೆಷಿನ್ ಹಿಂದಿನಿಂದ ಗುಂಯ್ ಅಂತ ಕೇಳಿಸಿತು. ಸರಿಸಿ ನೋಡಿದರೆ ಹಳೇ ಕಂಬಳಿ ಸುತ್ತಿದ ಮೋಟರ್.

"ಅಮ್ಮಾ, ಇದೇನು?"

"ನಿಮ್ಮಪ್ಪ ಹೋದ ಮೇಲೆ ನಮಗೆ ಯಾರು ನೀರು ಹೊರ್ತಾರೆ?" ಮಾಚಮ್ಮ ಬಾಗಿಲಿಗೆ ಅಡ್ಡ ನಿಂತರು. "ಬಾಯಿ ಬಿಟ್ಟೆಯೋ, ಸುಬೇದಾರರಾಗಿದ್ದ ನಿಮ್ಮಪ್ಪನ ಮನೆಯವರೇ ಕಳ್ಳರು ಅಂತ ಜನ ಆಡ್ಕೋತಾರೆ."

ಅಷ್ಟರಲ್ಲಿ ಮೇಲೆ ಬಾಗಿಲು ಮುರಿದ ಸದ್ದು. ಸೊಸೈಟಿಯ ಸೆಕ್ರೆಟರಿ ಚೌಧರಿ ಅದೇ ಹಳೇ ಅನುಮಾನದ ಮೇಲೆ ಗಂಡಸರನ್ನು ಕಟ್ಟಿಕೊಂಡು ಕಾರ್ತಿಕೇಯನ ಮನೆಗೆ ನುಗ್ಗಿದ್ದ. ಬೊಳ್ಳಮ್ಮ ಅಮ್ಮನನ್ನು ತಳ್ಳಿ ಓಡಿದಳು.

ಒಬ್ಬ ಅವನನ್ನು ಗ್ರಿಲ್ಲಿಗೆ ಒತ್ತಿ ಹಿಡಿದಿದ್ದ. ಇನ್ನೊಬ್ಬ ಪ್ಲಾಸ್ಟರ್ ಹಾಕಿದ ಕೈಯನ್ನೇ ತಿರುಚುತ್ತಿದ್ದ. ತುಟಿ ಒಡೆದು ರಕ್ತ ಅಂಗಿಗೆಲ್ಲ ಇಳಿದಿತ್ತು. ಪಾಲಕ್ ಡಬ್ಬಿಗಳನ್ನು ತುಳಿದು ಪುಡಿ ಮಾಡಿದ್ದರು.

"ಬೋಲ್! ಮೋಟರ್ ಕಹಾಂ ಛುಪಾಯಾ?" ಮೋಟರ್ ಎಲ್ಲಿ ಬಚ್ಚಿಟ್ಟೆ ಎಂದು ಚೌಧರಿ ಹೊಟ್ಟೆಗೆ ಗುದ್ದಿದ.

ಕಾರ್ತಿಕೇಯ ಬಗ್ಗಿ ಕೆಮ್ಮಿದ, ತಲೆ ಎತ್ತಿದ, ಬಾಗಿಲಲ್ಲಿ ನಿಂತ ಅವಳನ್ನು ಕಂಡ. ಬೇಡ ಎಂಬಂತೆ ಸಣ್ಣಗೆ ತಲೆಯಾಡಿಸಿದ. ಇವನಿಗೆ ಎಲ್ಲ ಗೊತ್ತು ಎಂದು ಅವಳಿಗೆ ಆಗಲೇ ಹೊಳೆದದ್ದು.

ಒಂದು ಕಡೆ ಅಮ್ಮ, ಸತ್ತ ಅಪ್ಪನ ಹೆಸರು. ಇನ್ನೊಂದು ಕಡೆ ಇವನು. ಮತ್ತೊಂದು ಗುದ್ದು ಬಿದ್ದರೆ ಇವನು ಏಳುವುದಿಲ್ಲ.

"ಅವರನ್ನ ಬಿಡಿ," ಎಂದಳು ಹಿಂದಿಯಲ್ಲಿ. "ಮೋಟರ್ ಇರೋದು ನಮ್ಮ ಮನೆಯಲ್ಲಿ."

ಯಾರೋ ಬೀಸಿದ ಕಬ್ಬಿಣದ ಬಕೆಟ್ ಅವಳ ಹುಬ್ಬಿಗೆ ಬಡಿಯಿತು. ಕಣ್ಣಿಗೆ ರಕ್ತ ಇಳಿಯಿತು. ಅವಳು ಆ ಬಕೆಟನ್ನೇ ಕಿತ್ತುಕೊಂಡು ಬೀಸಿದವನ ಮೊಣಕಾಲಿಗೆ ಬಾರಿಸಿದಳು. ಕೈ ತಿರುಚುತ್ತಿದ್ದವನ ಮುಖಕ್ಕೂ ಒಂದು ಬಿತ್ತು. ಗುಂಪು ಬೈಯುತ್ತಾ ಕೆಳಗಿಳಿಯಿತು. ಸ್ವಲ್ಪ ಹೊತ್ತಿಗೆ ಅವಳ ಮನೆಯಲ್ಲಿ ಮೋಟರ್ ಒಡೆಯುವುದು, ಜೊತೆಗೆ ಗಾಜು ಒಡೆಯುವುದು ಕೇಳಿಸಿತು.

ಇಬ್ಬರೂ ಒದ್ದೆ ನೆಲದಲ್ಲಿ ಕೂತಿದ್ದರು.

"ಯಾವಾಗಿನಿಂದ ಗೊತ್ತಿತ್ತು?"

"ಮೊದಲಿನಿಂದ. ನಿಮ್ಮ ಮನೆ ಪೈಪ್ ಗುಂಯ್ ಅಂದ ಕೂಡಲೇ ನನ್ನ ನಲ್ಲಿ ಒಣಗುತ್ತಿತ್ತು."

"ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದೆ ನಾನು. ಹೇಳೋಕೇನಾಗಿತ್ತು ನಿಮಗೆ?"

"ಹೇಳಿದ್ದರೆ ನಾಚಿಕೆಗೆ ನೀವು ಮತ್ತೆ ಮೇಲೆ ಬರುತ್ತಿರಲಿಲ್ಲ."

ಬೊಳ್ಳಮ್ಮ ಅತ್ತುಬಿಟ್ಟಳು. ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಇಷ್ಟು ಏಟು ತಿಂದೂ ಸುಮ್ಮನಿದ್ದವನ ಮೇಲೆ ಅವಳಿಗೆ ಪ್ರಾಣವೇ ಹೋಗುವಷ್ಟು ಪ್ರೀತಿ ಉಕ್ಕಿತು.

ಮುರಿದ ಬಾಗಿಲಲ್ಲಿ ಮಾಚಮ್ಮ ಬಂದು ನಿಂತರು. "ಬೀದಿಯವರೆದುರು ನಮ್ಮ ಮಾನ ಕಳೆದೆ. ಇನ್ನು ಕೆಳಗೆ ಬರಬೇಡ."

ಅವಳು ಏಳಲಿಲ್ಲ. "ಆಯ್ತಮ್ಮಾ," ಅಂದಳು. ಅಮ್ಮ ಮೆಟ್ಟಿಲಿಳಿಯುವ ಸದ್ದು ನಿಂತ ಮೇಲೆ ಅವನ ಕಡೆ ತಿರುಗಿದಳು.

"ಇವತ್ತು ನಾನಿಲ್ಲೇ ಇರ್ತೀನಿ, ಮೇಷ್ಟ್ರೇ. ನಾಳೆಯೂ."

"ನಾಡಿದ್ದು?"

"ಮದುವೆ ಆಗದೆ ನಾಡಿದ್ದು ಇರಲ್ಲ."

ಅವನು ನಗಲು ಹೋಗಿ ನೋವಿಗೆ ಮುಖ ಕಿವುಚಿದ. ಅವಳು ಎಲ್ಲೂ ಗಾಯವಿಲ್ಲದ ಜಾಗ ಹುಡುಕಿ, ಅವನ ಕಿವಿಯ ಕೆಳಗೆ ಮುತ್ತಿಟ್ಟಳು.