ಹನ್ನೆರಡು ಬಾಟಲಿ ಮಣ್ಣಿನ ಕೊಲೆ

ಸತ್ತವರ ಸಂಖ್ಯೆ ಬರೆಯಲು ಹೊರಟರೆ ಊರಿನ ಕಾಗದವೆಲ್ಲ ಮುಗಿದೀತು. ಒಂದು ಚಮಚ ಮಣ್ಣಿನಲ್ಲೇ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು. ಹನ್ನೆರಡು ಬಾಟಲಿಯಲ್ಲಿ ಎಷ್ಟು? ನೀವೇ ಗುಣಿಸಿಕೊಳ್ಳಿ. ಜಗತ್ತಿನ ಯುದ್ಧಗಳೆಲ್ಲ ನಾಚಿ ತಲೆತಗ್ಗಿಸಬೇಕು!

ಸೋಮವಾರ ಬೆಳಿಗ್ಗೆ ಪ್ರಯೋಗಾಲಯದಲ್ಲಿ ಗಾಜಿನ ತಟ್ಟೆಗಳನ್ನು ಹೊರತೆಗೆದ ಮಣ್ಣಿನ ವಿಜ್ಞಾನಿ ಕಿರುಚಿದ ರಭಸಕ್ಕೆ ಮೂರು ಬೀದಿಯಾಚೆ ಹಾಲು ಒಡೆಯಿತಂತೆ. ಅರ್ಧ ಗಂಟೆಯಲ್ಲಿ ಅವಳ ಸೋದರತ್ತೆ ಹಾಜರು. ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿ ಕಳ್ಳರ ನಿದ್ದೆ ಕೆಡಿಸಿ ನಿವೃತ್ತಳಾದಾಕೆ. ಅಡ್ಡಹೆಸರು ಹದ್ದು. ಈಕೆ ಕಣ್ಣು ಕಿರಿದು ಮಾಡಿದರೆ ಬೀಗಗಳು ತಾವಾಗಿಯೇ ಬಾಯಿಬಿಡುತ್ತಿದ್ದವು.

"ಮಣ್ಣು ಸತ್ತಿದೆ ಅಂತ ಪೊಲೀಸರನ್ನ ಕರೀತಾರೇನೇ?"

"ತಮಾಷೆ ಬೇಡ ಅತ್ತೆ. ಇಲ್ಲಿ ನೋಡಿ. ಇದು ಮಾಮೂಲಿ ಜೋಳ ಬೆಳೆದ ಮಣ್ಣು. ತಟ್ಟೆ ತುಂಬ ಚುಕ್ಕಿ. ಒಂದೊಂದು ಚುಕ್ಕಿನೂ ಸೂಕ್ಷ್ಮಜೀವಿಗಳ ಒಂದೊಂದು ಸಂಸಾರ. ಇದು ಕುಲಾಂತರಿ ಜೋಳದ ಮಣ್ಣು — ಹುಳ ಕೊಲ್ಲೋ ಗುಣ ಸೇರಿಸಿರೋ ಬೆಳೆ. ಒಂದೇ ಒಂದು ಚುಕ್ಕಿ ಇಲ್ಲ!"

"ಬೆಳೆನೇ ಕೊಂದಿರಬಹುದಲ್ಲ?"

"ಎರಡು ವರ್ಷದಿಂದ ಎಣಿಸ್ತಿದ್ದೀನಿ. ಬೆಳೆ ನಿಂತಿರುವಾಗ ಕೆಲವು ಜಾತಿ ಕಮ್ಮಿ ಆಗ್ತವೆ. ಕೊಯ್ಲಾದ ಮೇಲೆ ವಾಪಸ್ ಬರ್ತವೆ. ಇದು ಕೊನೇ ಎಣಿಕೆ. ಮೂರು ಗಂಟೆಗೆ ಈ ಬೆಳೆಯ ಪರೀಕ್ಷೆ ನೋಡೋ ಸಮಿತಿ ಬರತ್ತೆ. ಈ ತಟ್ಟೆ ತೋರಿಸಿದ್ರೆ ಸುಳ್ಳು ಹೇಳಿದ ಹಾಗೆ. ತೋರಿಸದಿದ್ರೆ ಮುಚ್ಚಿಟ್ಟ ಹಾಗೆ. ನಾಳೆ ಬೆಳಿಗ್ಗೆ ಆ ಹೊಲ ಉತ್ತುಬಿಡ್ತಾರೆ, ಮತ್ತೆ ಮಣ್ಣು ತರೋಕೂ ಆಗಲ್ಲ. ಎರಡು ವರ್ಷದ ಕೆಲಸ ಮುಗೀತು!"

ಹದ್ದು ಬಾಟಲಿಗಳ ಸಾಲಿನ ಮುಂದೆ ಬಗ್ಗಿದಳು. ಮಾಮೂಲಿ ಮಣ್ಣಿನ ಹನ್ನೆರಡರ ಚೀಟಿಗಳು ನೆಟ್ಟಗಿದ್ದವು. ಕುಲಾಂತರಿ ಮಣ್ಣಿನ ಹನ್ನೆರಡರ ಚೀಟಿ ಮುದುಡಿ, ಶಾಯಿ ಹರಡಿತ್ತು.

"ಹಬೆ ಹೊಡೆದಿದೆ. ಇಲ್ಲಿ ಯಾವುದು ಬೇಯಿಸೋ ಯಂತ್ರ?"

ಮೂಲೆಯಲ್ಲಿತ್ತು — ಆಟೋಕ್ಲೇವ್. ಆನೆಗೂ ಅನ್ನ ಬೇಯಿಸಬಹುದಾದಷ್ಟು ದೊಡ್ಡ ಕುಕ್ಕರ್.

"ಆದ್ರೆ ಅತ್ತೆ, ಒಂದು ಸಲ ಬೇಯಿಸಿದ್ರೆ ಮಣ್ಣು ಪೂರ್ತಿ ಸಾಯಲ್ಲ. ಕೆಲವು ಗಟ್ಟಿ ಕವಚದೊಳಗೆ ಮಲಗಿಬಿಡ್ತವೆ. ಮಾರನೇ ದಿನ ಮೈಮುರಿದು ಎದ್ದಾಗ ಇನ್ನೊಂದು ಸಲ ಬೇಯಿಸಬೇಕು. ಹೋದ ಸೋಮವಾರ, ಮಂಗಳವಾರ ಬಾಟಲಿಗಳನ್ನ ಇಲ್ಲೇ ಬಿಟ್ಟು ನಾನು ಹೊಲದಲ್ಲಿದ್ದೆ. ಬುಧವಾರ ಬಂದು ಮಣ್ಣನ್ನ ತಟ್ಟೆಗೆ ಹಾಕಿದೆ."

ಹದ್ದಿಗೆ ಅಷ್ಟು ಸಾಕಾಗಿತ್ತು. ಹೋದ ವಾರ ಪ್ರಯೋಗಾಲಯಕ್ಕೆ ಬಂದಿದ್ದ ಮೂವರನ್ನು ಕರೆಸಿದಳು.

ಮೊದಲು ಬೀಜದ ಕಂಪನಿಯವನು. ಟೈ ಎಷ್ಟು ಬಿಗಿಯೆಂದರೆ ಮಾತು ಕಿವಿಯಿಂದ ಹೊರಬರುತ್ತಿತ್ತು.

"ನಾನು ಹೋದ ಸೋಮವಾರ ಒಂದು ದಿನ ಬಂದಿದ್ದೆ ಮೇಡಂ. ಮಣ್ಣು ಸತ್ತರೆ ನನಗೇನು ಲಾಭ? ನಮ್ಮ ಬೀಜದ ಮುಖಕ್ಕೇ ಮಸಿ!"

ಆಮೇಲೆ ಬಾಟಲಿ ತೊಳೆಯುವವನು.

"ಯಂತ್ರ ನಡೆಸೋನು ನಾನೇ ಅಮ್ಮಾ. ಆದ್ರೆ ಮಂಗಳವಾರ ರಜಾ ಇದ್ದೆ, ಮಗಳ ಪರೀಕ್ಷೆ ಇತ್ತು. ಬುಧವಾರ ಬಂದ್ರೆ ಯಂತ್ರದೊಳಗೆ ನೀರು! ನಾನು ಒರೆಸದೆ ಹೋಗೋನೇ ಅಲ್ಲ."

"ಏನನ್ನಾದ್ರೂ ಎರಡು ಸಲ ಬೇಯಿಸ್ತೀಯಾ?"

"ಯಾಕಮ್ಮಾ? ಒಂದು ಸಲಕ್ಕೇ ಕರೆಂಟ್ ಬಿಲ್ ನೋಡಿ ಸಾಹೇಬರು ಕೂಗಾಡ್ತಾರೆ."

ಕೊನೆಗೆ ಮೇಷ್ಟ್ರು. ವಿಜ್ಞಾನಿಯ ಗುರುಗಳು. ನಿವೃತ್ತರಾದರೂ ದಿನಾ ಬಂದು ಕಿಟಕಿ ಪಕ್ಕ ಪೇಪರ್ ಓದುವವರು.

"ಇಪ್ಪತ್ತು ವರ್ಷದಿಂದ ಬಾಯಿ ಬಡ್ಕೊಳ್ತಿದ್ದೀನಿ — ಈ ಬೆಳೆ ಮಣ್ಣನ್ನ ಸಾಯಿಸತ್ತೆ ಅಂತ. ಈಗಲಾದ್ರೂ ನಂಬ್ತೀರಾ?"

"ಹೋದ ಸೋಮವಾರ ಬಂದಿದ್ರಾ? ಮಂಗಳವಾರ?"

"ಭಾನುವಾರ ಬಿಟ್ಟು ನಾನು ಬರದ ದಿನ ಯಾವುದಮ್ಮಾ?"

ಹದ್ದು ಸೋದರ ಸೊಸೆಯ ಕಡೆ ತಿರುಗಿದಳು. "ಮಣ್ಣನ್ನ ಎರಡು ಸಲ ಬೇಯಿಸಬೇಕು ಅಂತ ನಿನಗೆ ಕಲಿಸಿದವರು ಯಾರೇ?"

ವಿಜ್ಞಾನಿಯ ಕಣ್ಣು ಕಿಟಕಿ ಪಕ್ಕದ ಕುರ್ಚಿಯ ಮೇಲೆ ನಿಂತಿತು.

"ಎಲ್ಲರೂ ಖಾಲಿ ತಟ್ಟೆ ನೋಡಿದ್ರಿ. ಎಷ್ಟು ಖಾಲಿ ಅಂತ ಯಾರೂ ನೋಡಲಿಲ್ಲ," ಎಂದಳು ಹದ್ದು. "ಬೇರೆ ಯಾರೇ ಆಗಿದ್ರೂ ಒಂದು ಸಲ ಬೇಯಿಸಿ ಓಡಿಹೋಗ್ತಿದ್ರು. ಐದು ದಿನದಲ್ಲಿ ನಾಲ್ಕು ಚುಕ್ಕಿಯಾದ್ರೂ ಎದ್ದಿರ್ತಿದ್ವು. ಒಂದೂ ಏಳಲಿಲ್ಲ — ಅಂದ್ರೆ ಎರಡು ದಿನ, ಎರಡು ಸಲ. ಟೈ ಬಂದದ್ದು ಒಂದೇ ದಿನ. ಬಾಟಲಿ ತೊಳೆಯೋನು ಮಂಗಳವಾರ ರಜಾ. ಎರಡೂ ದಿನ ಇಲ್ಲಿದ್ದು, ಈ ಗುಟ್ಟು ಗೊತ್ತಿದ್ದವರು ಒಬ್ಬರೇ. ಅಚ್ಚುಕಟ್ಟಾಗಿ ಕೆಲಸ ಮಾಡಿ ಸಿಕ್ಕಿಬಿದ್ರಿ ಮೇಷ್ಟ್ರೇ!"

ಪೇಪರ್ ಮಡಚಿದ ಸದ್ದು ಗುಡುಗಿನಷ್ಟು ಜೋರಾಗಿ ಕೇಳಿಸಿತು.

"ಹೌದು, ನಾನೇ. ಆ ಮಣ್ಣು ಒಂದಲ್ಲ ಒಂದು ದಿನ ಸಾಯೋದೇ. ನಾನು ಸ್ವಲ್ಪ ಬೇಗ ತೋರಿಸಿದೆ, ಅಷ್ಟೇ."

"ಸಾಯುತ್ತೋ ಇಲ್ಲವೋ, ನನಗೂ ಗೊತ್ತಿಲ್ಲ ಸರ್." ವಿಜ್ಞಾನಿ ತನ್ನ ಎಣಿಕೆ ಪುಸ್ತಕವನ್ನು ಅವರ ಮುಂದಿಟ್ಟಳು. "ಕಮ್ಮಿಯಾದದ್ದನ್ನ ಬರೆದಿದ್ದೀನಿ. ವಾಪಸ್ ಬಂದದ್ದನ್ನೂ ಬರೆದಿದ್ದೀನಿ. ಹತ್ತು ವರ್ಷ ಬೆಳೆದ್ರೆ ಏನಾಗತ್ತೆ, ಗೊತ್ತಿಲ್ಲ ಅಂತಲೂ ಬರೆದಿದ್ದೀನಿ. ನೀವು ಓದಲೇ ಇಲ್ಲ."

ಮೇಷ್ಟ್ರು ಪುಸ್ತಕದ ಮೊದಲ ಪುಟ ತೆರೆದರು.

ಮೂರು ಗಂಟೆಗೆ ಸಮಿತಿಯ ಮುಂದೆ ಅವಳು ಖಾಲಿ ತಟ್ಟೆಗಳನ್ನೂ ಇಟ್ಟಳು, ಮುದುಡಿದ ಚೀಟಿಗಳನ್ನೂ ಇಟ್ಟಳು. ಎದ್ದು ನಿಂತು ಎಲ್ಲ ಹೇಳಿದವರು ಮಾತ್ರ ಮೇಷ್ಟ್ರೇ. ಸಮಿತಿ ನೇಗಿಲನ್ನು ತಡೆಯಿತು, ಹೊಸದಾಗಿ ಎಣಿಸಲು ಹತ್ತು ದಿನ ಕೊಟ್ಟಿತು.

ನಾಲ್ಕೂವರೆಗೆ ಅವಳು ಗುದ್ದಲಿ ಹೆಗಲಿಗೇರಿಸಿ, ಹನ್ನೆರಡು ಹೊಸ ಬಾಟಲಿ ಹಿಡಿದು ಹೊಲದ ಕಡೆ ಹೊರಟಳು. ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು.

"ಬಾಟಲಿ ನಾನು ಹಿಡ್ಕೊಳ್ಳಲೇನಮ್ಮಾ?"

"ಬೇಡ ಸರ್," ಎಂದಳು. "ಎಣಿಸೋ ದಿನ ಬನ್ನಿ. ನಿಮ್ಮ ಕಣ್ಣೆದುರೇ ಎಣಿಸ್ತೀನಿ. ಎಷ್ಟು ಬರತ್ತೋ ಅಷ್ಟೇ ಬರೆಯೋಣ."