ಏಳನೇ ಅಧ್ಯಾಯದ ಕೆರೆ

"ಇದು ಕಟ್ಟುಕಥೆ ಅಂತ ಬರೆದವರು ನೀವೇ ಏನ್ರಿ?"

ಸಮಿತಿ ಕಚೇರಿಯ ಬಾಗಿಲಿನಿಂದ ಬಂದ ದನಿಗೆ ರುಮಾನಾ ತಟ್ಟನೆ ತಲೆ ಎತ್ತಿದಳು. ಹೆಲ್ಮೆಟ್ಟನ್ನು ಕಂಕುಳಲ್ಲಿ ಅವುಚಿಕೊಂಡು, ಬೈಕಿನ ಧೂಳನ್ನೂ ಒರೆಸಿಕೊಳ್ಳದೆ ನಿಂತಿದ್ದ ಆ ಮನುಷ್ಯ ಅವಳನ್ನೇ ದುರುಗುಟ್ಟಿ ನೋಡುತ್ತಿದ್ದ.

'ಯಾ ಅಲ್ಲಾ... ಇವರೇನಾ?'



ಹೌದು, ಇವರೇ! ಹರಿಹರದ ಕಾಲೇಜಿನಲ್ಲಿ ಪಾಠ ಮಾಡುವ ಮುದಸ್ಸಿರ್. ನಿಸ್ತಂತು ಸಂವಹನದ ಸಿದ್ಧಾಂತದ ಮೇಲೆ, ಅಂದರೆ ನಮ್ಮ ನಿಮ್ಮ ಮೊಬೈಲಿನ ಸಿಗ್ನಲ್ ಗಾಳಿಯಲ್ಲಿ ಹೇಗೆ ಬರುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದರ ಮೇಲೆ, ಎಂ.ಟೆಕ್ ಹುಡುಗರಿಗಾಗಿ ದಪ್ಪದೊಂದು ಪುಸ್ತಕ ಬರೆದ ಪುಣ್ಯಾತ್ಮ. ಆ ಪುಸ್ತಕ ಪಠ್ಯವಾಗಲು ಯೋಗ್ಯವೋ ಅಲ್ಲವೋ ಎಂದು ಓದಿ ವರದಿ ಕೊಟ್ಟವಳು ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜಿನ ಲೆಕ್ಚರರ್ ರುಮಾನಾ. ಪಠ್ಯಪುಸ್ತಕ ಸಮಿತಿಯ ಪರಿಶೀಲಕರಲ್ಲೆಲ್ಲ ಚಿಕ್ಕವಳು, ಮೂಗಿನ ತುದಿಯಲ್ಲಿ ಸಿಟ್ಟು!

ಪುಸ್ತಕ ಯಾರದೆಂದು ಅವಳಿಗೆ ಹೇಳಿರಲಿಲ್ಲ. ಓದುವವರು ಯಾರೆಂದು ಅವನಿಗೂ ಹೇಳಿರಲಿಲ್ಲ. ಸಮಿತಿಯ ಕ್ರಮವೇ ಅದು. ಆದರೆ ಬರೆದವರ ಪ್ರಾಮಾಣಿಕತೆಯ ಮೇಲೆಯೇ ಮಾತು ಬಂದಾಗ ಮಾತ್ರ ಇಬ್ಬರನ್ನೂ ಎದುರುಬದುರು ಕೂರಿಸುತ್ತಾರೆ. ಇವತ್ತು ಆಗಿದ್ದು ಅದೇ.

"ಮೊದ್ಲು ಕೂಡ್ರಿ ಮುದಸ್ಸಿರ್, ನೀರು ಕುಡೀರಿ," ಎಂದರು ಸಮಿತಿಯ ಅಧ್ಯಕ್ಷರು ಶಿವಮೂರ್ತಪ್ಪ.

"ನೀರು ಬ್ಯಾಡ ಸರ್, ಉತ್ರ ಬೇಕು. ನನ್ನ ಏಳನೇ ಅಧ್ಯಾಯ ಸುಳ್ಳು ಅಂತ ಇವ್ರು ಹೆಂಗೆ ಬರೆದ್ರು?"

ಏಳನೇ ಅಧ್ಯಾಯದಲ್ಲಿ ಇದ್ದದ್ದು ಕೊಂಡಜ್ಜಿ ಕೆರೆ. ಕೆರೆಯ ಆ ದಡದಿಂದ ಸಿಗ್ನಲ್ ಬಿಟ್ಟರೆ ಈ ದಡಕ್ಕೆ ಅದು ಎರಡು ದಾರಿಯಲ್ಲಿ ಬರುತ್ತದೆ. ಒಂದು ಸೀದಾ, ಇನ್ನೊಂದು ನೀರಿಗೆ ಬಡಿದು ಪುಟಿದು. ಈ ದಡದಲ್ಲಿ ಅಳೆಯುವ ಮೀಟರ್ ಕಟ್ಟಲು ನೆಟ್ಟ ಕಂಬದಲ್ಲಿ ಒಂದು ಎತ್ತರ ಇದೆಯಂತೆ, ಅಲ್ಲಿ ಇವೆರಡೂ ಒಂದನ್ನೊಂದು ಹೊಡೆದು ಹಾಕಿ ಸಿಗ್ನಲ್ ಪೂರಾ ಬಿದ್ದೇ ಹೋಗುತ್ತದಂತೆ! ತಾನೇ ಅಳೆದೆ ಎಂದು ಮುದಸ್ಸಿರ್ ಕೊಟ್ಟಿದ್ದ ಅಂಕಿಗಳು ಸೂತ್ರಕ್ಕೆ ಕೂದಲೆಳೆಯಷ್ಟೂ ತಪ್ಪದೆ ಕೂತಿದ್ದವು.

"ನಾನೇ ಸ್ವತಃ ಕೆರೆಗೆ ಹೋಗಿ ಅಳೆದೀನಿ," ರುಮಾನಾಳ ದನಿಯೂ ಏರಿತು. "ಕಾಲೇಜ್ ಮುಗಿಸ್ಕೊಂಡು ಹೋಗಿ, ಕತ್ಲಾಗೋತನಕ ನಿಂತು ಅಳೆದೀನಿ. ನೀವು ಹೇಳಿದ ಜಾಗದಾಗೆ ಸಿಗ್ನಲ್ ಬೀಳೋದೇ ಇಲ್ಲ!"

"ಅಂದ್ರೆ ನಾನು ಮನೇಲಿ ಕೂತು ಅಂಕಿ ಗೀಚೀನಿ ಅಂತೀರಾ?"

"ನಾನಲ್ಲ, ನನ್ನ ಮೀಟರ್ ಹಂಗೆ ಹೇಳ್ತೈತೆ."

"ಮೀಟರ್ ಹೇಳ್ತೈತೋ, ನಿಮ್ಮ ಹಮ್ಮು ಹೇಳ್ತೈತೋ?"

"ಸಾಕು ನಿಲ್ಲಿಸ್ರಿ ಇಬ್ರೂ!" ಶಿವಮೂರ್ತಪ್ಪ ಮೇಜು ಕುಟ್ಟಿದರು. "ಸೋಮವಾರ ಸಮಿತಿ ಸಭೆ ಐತೆ. ಈ ಆರೋಪ ನಿಂತ್ರೆ ಪುಸ್ತಕ ಅಷ್ಟೇ ಅಲ್ಲ ಮುದಸ್ಸಿರ್, ನಿಮ್ಮ ಹೆಸ್ರಿಗೇ ಮಸಿ ಹತ್ತತೈತೆ. ಸುಳ್ಳು ಅಂಕಿ ಬರೆದೋರು ಅಂತ ಆದ್ಮೇಲೆ ನಿಮ್ಮನ್ನ ಯಾರು ನಂಬ್ತಾರೆ ಹೇಳ್ರಿ?"

ಮುದಸ್ಸಿರನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಹೋಗುವ ಮುಂಚೆ ರುಮಾನಾಳ ಹತ್ತಿರ ಬಂದು ಮೆಲ್ಲಗೆ ಅಂದ, "ನಿಮ್ಮ ವರದಿ ಪೂರ್ತಿ ಓದೀನ್ರಿ. ಆರನೇ ಅಧ್ಯಾಯದ ತನಕ ನನ್ನ ಪುಸ್ತಕನ ನನಗಿಂತ ಚೆನ್ನಾಗಿ ತಿಳ್ಕೊಂಡಿದ್ರಿ. ಅಷ್ಟು ಪ್ರೀತಿಯಿಂದ ಯಾರೂ ಓದಿರ್ಲಿಲ್ಲ... ಅದಕ್ಕೇ ಏಳನೇದು ಓದಿ ಜಾಸ್ತಿ ನೋವಾತು."

ಅಷ್ಟು ಹೇಳಿ ಹೊರಟೇಹೋದ.

ಸರಸ್ವತಿ ನಗರದ ಮನೆಗೆ ಬಂದವಳೇ ಬ್ಯಾಗು ಬಿಸಾಕಿ ಗೋಡೆಗೆ ಒರಗಿ ಕೂತಳು. ಅಮ್ಮಿ ಹಜೀರಾಬೀ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು.

"ಯಾಕ ಬೇಟಿ, ಮುಖ ಸಪ್ಪಗೈತೆ?"

ರುಮಾನಾ ಎಲ್ಲ ಹೇಳಿದಳು. ಹೇಳುತ್ತಾ ಹೇಳುತ್ತಾ ಕೆರೆ ಎಲ್ಲೋ ಹೋಯಿತು, ಪುಸ್ತಕದ ಮಾತೇ ಬಂತು. "ಎಷ್ಟು ಚೆಂದ ಬರೀತಾರೆ ಗೊತ್ತಾ ಅಮ್ಮಿ! ಸಿಗ್ನಲ್ ಹೆಂಗೆ ಚದುರ್ತೈತೆ ಅಂತ ತಿಳಿಸೋಕೆ, ಮಂಡಿಪೇಟೆ ಗದ್ದಲದಾಗೆ ಗೆಳೆಯನ್ನ ಕೂಗಿ ಕರೆದಂಗೆ ಅಂತ ಬರೆದಾರೆ. ಕೂಗು ಒಂದೇ, ಆದ್ರೆ ಅಂಗಡಿ ಅಂಗಡಿಗೆ ಬಡಿದು ಹತ್ತು ಕಡೆಯಿಂದ ಬರ್ತೈತೆ ಅಂತ. ಗಣಿತ ಓದ್ತಾ ನಗು ಬರೋದು ನಾನು ಎಲ್ಲೂ ನೋಡಿಲ್ಲ."

"ಹೂಂ... ಬರವಣಿಗೆ ಇರ್ಲಿ, ಹುಡುಗ ಹೆಂಗದಾನೆ?"

"ಅಮ್ಮೀ!"

"ಅಯ್ಯ, ಕೇಳಿದ್ನಪ್ಪ ಅಷ್ಟೇ," ಎಂದು ಹಜೀರಾಬೀ ಸೊಪ್ಪಿನ ಕಡೆ ತಿರುಗಿದರು. ತುಟಿಯಂಚಿನ ನಗು ಮಾತ್ರ ಅಡಗಲಿಲ್ಲ.

ರುಮಾನಾಗೆ ತನ್ನ ಮನಸ್ಸು ತನಗೇ ಅರ್ಥವಾಗಿದ್ದು ಆಗ. ಹೆಸರಿಲ್ಲದ ಆ ಹಾಳೆಗಳನ್ನು ಓದುತ್ತಾ ಓದುತ್ತಾ ಅವಳು ಯಾರನ್ನೋ ಇಷ್ಟಪಡಲು ಶುರುಮಾಡಿದ್ದಳು! ಸಂಜೆಯಾದರೆ ಮುಂದಿನ ಅಧ್ಯಾಯಕ್ಕೆ ಕಾಯುವಷ್ಟು. ಅಂಥವರ ಪುಸ್ತಕದಲ್ಲಿ ಸುಳ್ಳು ಕಂಡಾಗ ಮೋಸಹೋದಂತೆ ಉರಿದುಬಿದ್ದಿದ್ದಳು. ಆ ಉರಿಯಲ್ಲೇ 'ಕಟ್ಟುಕಥೆ' ಅಂತ ಬರೆದು ಕೈತೊಳೆದುಕೊಂಡಿದ್ದಳು.

'ಒಂದು ವೇಳೆ ನಾನೇ ತಪ್ಪಿದ್ದರೆ...?'

ಆ ಯೋಚನೆ ಬಂದದ್ದೇ ತಡ, ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ.

ಭಾನುವಾರ ಮಧ್ಯಾಹ್ನ ಮನೆಗೆ ನೆಂಟರು ಬರುವವರಿದ್ದರು. ಹಾಗಾಗಿ ಬೆಳಗಿನ ಫಜರ್ ನಮಾಜ್ ಮುಗಿದದ್ದೇ, ಮತ್ತೊಮ್ಮೆ ಅಳೆದು ನೋಡಲು ಮೀಟರ್ ತಗೊಂಡು ಸ್ಕೂಟಿ ತೆಗೆದಳು.

"ಒಬ್ಳೇ ಬ್ಯಾಡ, ನಾನೂ ಬರ್ತೀನಿ," ಎಂದು ಹಜೀರಾಬೀ ಚಹಾದ ಫ್ಲಾಸ್ಕ್ ಹಿಡಿದು ಹಿಂದೆ ಕೂತೇಬಿಟ್ಟರು.

ಕೊಂಡಜ್ಜಿ ಮುಟ್ಟಿದಾಗ ಆಗಷ್ಟೇ ಬೆಳಕು ಹರಿಯುತ್ತಿತ್ತು. ಕೆರೆಯ ದಡಕ್ಕೆ ಇಳಿದ ರುಮಾನಾ ಅಲ್ಲೇ ನಿಂತುಬಿಟ್ಟಳು. ಕಂಬ ನೆಟ್ಟು, ಮೀಟರ್ ಹಿಡಿದು, ಕಿವಿಗೆ ಮಫ್ಲರ್ ಸುತ್ತಿಕೊಂಡು ನಿಂತಿದ್ದ ಮುದಸ್ಸಿರ್!

"ನೀವಾ?"

"ನೀವು... ಇಲ್ಲಿ?"

ಇಬ್ಬರೂ ಒಟ್ಟಿಗೇ ಕೇಳಿದರು. ಮೊದಲು ಉತ್ತರ ಕೊಟ್ಟಿದ್ದು ಅವನೇ. "ನೀವು ಅಷ್ಟು ಗಟ್ಟಿಯಾಗಿ ಹೇಳಿದ್ಮೇಲೆ ನನ್ನ ಮೇಲೆ ನನಗೇ ಅನುಮಾನ ಬಂತ್ರಿ. ತಪ್ಪಿದ್ರೆ ನಾನೇ ಪುಸ್ತಕ ವಾಪಸ್ ತಗಂತೀನಿ. ಆ ದಡದಾಗೆ ಸಿಗ್ನಲ್ ಪೆಟ್ಟಿಗೆ ಇಟ್ಟು ಬಂದೀನಿ. ಬರ್ರಿ, ನೀವೇ ನೋಡ್ರಿ."

"ನಿಮ್ಮ ಮೀಟರ್ ಬ್ಯಾಡ. ನಂದೇ ಹಾಕ್ತೀನಿ."

"ಹಾಕ್ರಿ! ಅನುಮಾನ ಪೂರಾ ಹೋಗ್ಲಿ."

ರುಮಾನಾ ತನ್ನ ಮೀಟರನ್ನು ಕಂಬಕ್ಕೆ ಸಿಕ್ಕಿಸಿ ನಿಧಾನವಾಗಿ ಮೇಲೇರಿಸುತ್ತಾ ಹೋದಳು. ಅಂಕಿ ಮೊದಲು ಅಲ್ಲಾಡಲಿಲ್ಲ. ಇನ್ನಷ್ಟು ಏರಿಸಿದಳು... ಸರ್ರನೆ ಇಳಿಯಿತು! ಪುಸ್ತಕದಲ್ಲಿ ಬರೆದ ಎತ್ತರದಲ್ಲೇ, ಬರೆದಷ್ಟೇ!

ಅವಳ ಕಣ್ಣು ತುಂಬಿ ಬಂತು. "ನಾನು... ನಿಮ್ಮನ್ನ ಸುಳ್ಳುಗಾರ ಅಂದೆ. ಮಾಫ್ ಮಾಡ್ರಿ."

"ಅಲ್ರೀ, ಅಳಬ್ಯಾಡ್ರಿ," ಮುದಸ್ಸಿರ್ ಗಾಬರಿಯಾದ. "ನೀವೂ ಸುಳ್ಳು ಹೇಳೋರಲ್ಲ, ಅದು ನಂಗೊತ್ತು. ಹಂಗಾದ್ರೆ ನಿಮಗ್ಯಾಕೆ ಇದು ಸಿಗ್ಲಿಲ್ಲ?"

ಹಜೀರಾಬೀ ಇಬ್ಬರ ಕೈಗೂ ಚಹಾ ಕೊಟ್ಟು, ತಾವು ದೂರ ಹೋಗಿ ಕಲ್ಲಿನ ಮೇಲೆ ಕೂತರು. ಬುದ್ಧಿವಂತೆ! ಬಿಸಿಲು ಏರಿತು. ಮೆಲ್ಲಗೆ ಗಾಳಿ ಎದ್ದಿತು. ಚಹಾ ಮುಗಿಸಿ ರುಮಾನಾ ಮೀಟರ್ ಬಿಚ್ಚಲು ಹೋದವಳು ಹೌಹಾರಿದಳು.

"ಮುದಸ್ಸಿರ್ ಅವ್ರೇ! ಅಂಕಿ ಏರೈತೆ! ನಾನು ಮುಟ್ಟೇ ಇಲ್ಲ!"

ಇಬ್ಬರೂ ಮೀಟರ್ ನೋಡಿದರು. ಆಮೇಲೆ ಕೆರೆ ನೋಡಿದರು. ಇಷ್ಟು ಹೊತ್ತು ಕನ್ನಡಿಯಂತೆ ಮಲಗಿದ್ದ ನೀರಿನ ಮೇಲೆಲ್ಲ ಸಣ್ಣ ಸಣ್ಣ ಅಲೆ ಎದ್ದಿದ್ದವು.

"ಗಾಳಿ!" ಇಬ್ಬರೂ ಒಂದೇ ಉಸಿರಿಗೆ ಕೂಗಿದರು.

ನೀರು ನಿಶ್ಚಲವಾಗಿದ್ದರೆ ಸಿಗ್ನಲ್ ನೆಟ್ಟಗೆ ಪುಟಿಯುತ್ತದೆ. ಅಲೆ ಎದ್ದರೆ ಚೆಲ್ಲಾಪಿಲ್ಲಿ. ಅದರಲ್ಲೂ ಅವರು ಬಿಟ್ಟಿದ್ದು ತೀರಾ ಸಣ್ಣ ತರಂಗ, ಬೆರಳುದ್ದದ ಅಲೆಯೂ ಅದಕ್ಕೆ ಗುಡ್ಡ!

"ನಾನು ಬಂದಿದ್ದು ಸಂಜೆ, ಗಾಳಿ ಬೀಸೋ ಹೊತ್ನಾಗೆ. ನೀವು ಯಾವ ಹೊತ್ನಾಗೆ ಅಳೀತೀರಿ?" ರುಮಾನಾ ಕೇಳಿದಳು.

"ಯಾವಾಗ್ಲೂ ಫಜರ್ ನಮಾಜ್ ಮುಗಿಸ್ಕೊಂಡು ಸೀದಾ ಇಲ್ಲಿಗೇ. ಆಮೇಲೆ ಕಾಲೇಜು ಇರ್ತೈತಲ್ಲ."

"ಅದನ್ನ ಪುಸ್ತಕದಾಗೆ ಬರೀಬೇಕೋ ಬ್ಯಾಡ್ವೋ?"

"ಬರೆಯೋಕೇನೈತ್ರಿ ಅದ್ರಾಗೆ? ಬೇರೆ ಹೊತ್ನಾಗೆ ನಾನು ಈ ಕೆರೆನೇ ನೋಡಿಲ್ಲ!"

ರುಮಾನಾಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಅತ್ತು ಕೆಂಪಾಗಿದ್ದ ಮುಖದಲ್ಲೇ ಅವಳು ನಗುತ್ತಿದ್ದುದನ್ನು ಮುದಸ್ಸಿರ್ ಕಣ್ಣು ಮಿಟುಕಿಸದೆ ನೋಡಿದ. ಕಲ್ಲಿನ ಮೇಲಿದ್ದ ಹಜೀರಾಬೀ ಅದನ್ನೂ ನೋಡಿದರು!

"ನಾಳೆ ಸಭೆಯಾಗೆ 'ಲೇಖಕರು ವಿವರಣೆ ಕೊಟ್ರು' ಅಂತಷ್ಟೇ ಹೇಳಿಬಿಡ್ರಿ," ಅವನು ಅಂದ. "ನೀವು ತಪ್ಪು ಒಪ್ಕೊಂಡ್ರೆ ನಿಮ್ಮ ಮಾತಿಗೆ ಅಲ್ಲಿ ಬೆಲೆ ಉಳಿಯಲ್ಲ."

"ನನ್ನ ಬೆಲೆ ಆಮೇಲೆ ನೋಡ್ಕೊಳ್ಳೋಣ. ಮೊದ್ಲು ನಿಮ್ಮ ಹೆಸ್ರು ತೊಳೀಬೇಕು."

ಸೋಮವಾರ ತುಂಬಿದ ಸಭೆಯಲ್ಲಿ ರುಮಾನಾ ಎದ್ದು ನಿಂತಳು. ಅವಳ ದನಿ ನಡುಗಲಿಲ್ಲ.

"ಏಳನೇ ಅಧ್ಯಾಯ ಕಟ್ಟುಕಥೆ ಅಂತ ಬರೆದಿದ್ದು ನನ್ನ ತಪ್ಪು. ಅಂಕಿಗಳು ನೂರಕ್ಕೆ ನೂರು ನಿಜ."

ಹಿರಿಯ ಸದಸ್ಯ ಮಹಾಂತೇಶ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೊನ್ನೆ ಸುಳ್ಳು, ಇವತ್ತು ನಿಜ! ನಾಳೆ ಏನಂತೀರಮ್ಮ? ಲೇಖಕ್ರು ಬಂದು ಕಣ್ಣೀರು ಹಾಕಿದ್ರೇನು?"

ಸಭೆಯಲ್ಲಿ ನಗು ಹರಡಿತು. ರುಮಾನಾಳ ಮುಖ ಕೆಂಪಾಯಿತು. ಆದರೆ ಕೂರಲಿಲ್ಲ.

"ಕಣ್ಣೀರು ಹಾಕಿದ್ದು ನಾನು ಸರ್. ನನ್ನ ಮಾತು ನಂಬಬ್ಯಾಡ್ರಿ, ಅವ್ರ ಮಾತೂ ನಂಬಬ್ಯಾಡ್ರಿ. ನಾಳೆ ಬೆಳಿಗ್ಗೆ ಎಲ್ಲಾರೂ ಕೊಂಡಜ್ಜಿಗೆ ಬರ್ರಿ. ಮೀಟರ್ ನೀವೇ ಹಿಡೀರಿ."

ಶಿವಮೂರ್ತಪ್ಪ ಮೀಸೆಯಲ್ಲೇ ನಕ್ಕರು. "ಹೋಗೋಣ ನಡೀರಿ. ಪುಸ್ತಕ ಪಾಸು ಮಾಡೋಕೆ ಕೆರೆಗೆ ಹೋದ ಸಮಿತಿ ನಮ್ದೇ ಮೊದ್ಲು ಆಗ್ಲಿ."

ಆ ಮಂಗಳವಾರದ ಬೆಳಗ್ಗೆ ಕೊಂಡಜ್ಜಿ ಕೆರೆ ಕಂಡ ಚೆಂದವನ್ನು ಏನೆಂದು ಹೇಳುವುದು! ಪ್ರೊಫೆಸರುಗಳೆಲ್ಲ ಮಂಕಿ ಟೋಪಿ, ಶಾಲು, ಸ್ವೆಟರು ಹಾಕಿಕೊಂಡು ಸಾಲಾಗಿ ದಡದಲ್ಲಿ ನಿಂತಿದ್ದರು. ಮೀಟರ್ ಹಿಡಿದದ್ದು ಬೇರೆ ಯಾರೂ ಅಲ್ಲ, ಮಹಾಂತೇಶರೇ. ಮುದಸ್ಸಿರ್ ಉಸಿರು ಬಿಗಿಹಿಡಿದಿದ್ದ. ಅವನು ಇಷ್ಟು ವರ್ಷ ಜೀವ ತೇಯ್ದು ಬರೆದದ್ದೆಲ್ಲ ಈಗ ಆ ಕಂಬದ ಮೇಲಿತ್ತು.

ಮಹಾಂತೇಶ್ ಮೀಟರನ್ನು ಮೇಲೇರಿಸಿದರು. ಇನ್ನಷ್ಟು... ಇನ್ನೂ ಸ್ವಲ್ಪ...

"ಬಿತ್ತು! ಬಿತ್ರೀ! ಪೂರಾ ಬಿತ್ತು!"

ಅವರ ಕೂಗಿಗೆ ಬೆಳ್ಳಕ್ಕಿಗಳೆಲ್ಲ ಪುರ್ರನೆ ಹಾರಿದವು. ಚಪ್ಪಾಳೆಯೋ ಚಪ್ಪಾಳೆ! ಬಿಡಲಿಲ್ಲ ಅವರು, ಗಾಳಿ ಏಳುವವರೆಗೂ ಅಲ್ಲೇ ಕಾದರು. ಅಲೆ ಎದ್ದು ಅಂಕಿ ಏರಿದ್ದನ್ನೂ ಕಣ್ಣಾರೆ ಕಂಡರು. ಆಮೇಲೆ ಟೋಪಿ ತೆಗೆದು ಮುದಸ್ಸಿರನ ಎರಡೂ ಕೈ ಹಿಡಿದುಕೊಂಡರು.

"ಈ ಗಾಳಿ ವಿಷ್ಯಾನೂ ಸೇರಿಸ್ರಿ. ಎಂ.ಟೆಕ್‌ಗೆ ಇದೇ ಪುಸ್ತಕ. ನಾನೇ ಸೂಚಿಸ್ತೀನಿ." ಆಮೇಲೆ ರುಮಾನಾ ಕಡೆ ತಿರುಗಿದರು. "ನಿನ್ನೆ ನಾನು ಆಡಿದ ಮಾತು ಮನಸಿಗೆ ಹಚ್ಕೋಬ್ಯಾಡಮ್ಮ. ಇನ್ಮುಂದೆ ನನ್ನ ಪುಸ್ತಕನೂ ನೀನೇ ಓದ್ಬೇಕು."

ಶಿವಮೂರ್ತಪ್ಪ ಕಾರಿನ ಬಾನೆಟ್ ಮೇಲೆಯೇ ಹಾಳೆ ಇಟ್ಟು ಎಲ್ಲರ ಸಹಿ ಹಾಕಿಸಿದರು. ಕಾರುಗಳು ಒಂದೊಂದಾಗಿ ಹೊರಟವು. ದಡದಲ್ಲಿ ಉಳಿದದ್ದು ಅವರಿಬ್ಬರೇ.

"ಗೆದ್ರಿ," ರುಮಾನಾ ಅಂದಳು.

"ಗೆಲ್ಸಿದ್ದು ನೀವು. ಮುನ್ನುಡಿಯಾಗೆ ನಿಮ್ಮ ಹೆಸ್ರು ಬರೀತೀನಿ ಮೇಡಂ, ಕೃತಜ್ಞತೆ ಅಂತ."

"ಕೃತಜ್ಞತೆ ನನಗೆ ಬ್ಯಾಡ."

"ಯಾಕ್ರೀ? ಇನ್ನೂ ಸಿಟ್ಟೈತಾ?"

ರುಮಾನಾ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ತುಂಬಿದ ಸಭೆಯಲ್ಲಿ ನಡುಗದ ದನಿ ಈಗ ನಡುಗಿತು.

"ಸಿಟ್ಟು ಬಂದಿದ್ದು ಯಾಕೆ ಗೊತ್ತಾ? ಹೆಸ್ರು ಗೊತ್ತಿಲ್ದೆ, ಮುಖ ನೋಡ್ದೆ, ಬರೀ ಓದಿನಾಗೇ ನಿಮ್ಮನ್ನ ಇಷ್ಟಪಟ್ಟಿದ್ದೆ. ನೀವು ಸುಳ್ಳು ಅಂತ ಆದ್ರೆ ನನಗೆ ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ."

ಮುದಸ್ಸಿರ್ ಬೆರಗಾಗಿ ನಿಂತ.

"ನಾನೂ... ನಿಮ್ಮ ವರದಿ ಓದಿ... ಇದನ್ನ ಬರೆದವ್ರು ಒಂದ್ಸಲ ಸಿಕ್ರೆ ಸಾಕು ಅಂತ..." ಎಂದು ತೊದಲಿದ. "ಹಂಗಾದ್ರೆ ನಿಮ್ಮ ಹೆಸ್ರು ಮುನ್ನುಡಿಯಾಗೆ ಬ್ಯಾಡ್ವಾ?"

"ಬ್ಯಾಡ."

"ಮತ್ತೆಲ್ಲಿ ಬರೀಲಿ?"

ರುಮಾನಾ ತಲೆ ಎತ್ತಿ ಅವನನ್ನೇ ನೋಡಿದಳು.

"ನಿಕಾಹ್ ಕಾರ್ಡಿನಾಗೆ ಬರೀರಿ. ನಿಮ್ಮ ಹೆಸರಿನ ಪಕ್ಕದಾಗೆ."

"ರುಮಾನಾ...!"

ಮೇಡಂ ಅಲ್ಲ, ರುಮಾನಾ! ಮೊದಲ ಸಲ ಕರೆದಿದ್ದ. ಅವಳ ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

"ಅಮ್ಮಿನ ಯಾವತ್ತು ಕೇಳ್ಲಿ?" ಅವನು ಪಿಸುಗುಟ್ಟಿದ.

"ಇವತ್ತೇ ಬರ್ರಿ. ಅಮ್ಮಿ ಮೊನ್ನೆಯಿಂದ ನಿಮ್ಮ ದಾರಿನೇ ಕಾಯ್ತಾ ಕೂತಾರೆ."